ಕಾಲೇಜಿನ ಉದ್ಯೋಗ ಮೇಳ: ಮೂವತ್ತು ಸ್ಟಾಲ್, ಒಂದೇ ದಿನ. ಎಲ್ಲಿಂದ ಶುರು ಮಾಡಲಿ?

ತಿಪಟೂರಿನ ಕೊನೇ ಬೆಂಚು:

ಎಲ್ಲರಿಗೂ ನಮಸ್ಕಾರ. ಬಿ.ಕಾಂ ಕೊನೇ ಸೆಮಿಸ್ಟರ್‌ನಲ್ಲಿದ್ದೇನೆ. ಬರುವ ಶನಿವಾರ ನಮ್ಮ ಕಾಲೇಜಿನಲ್ಲಿ ಉದ್ಯೋಗ ಮೇಳ ಇದೆ. ಮೂವತ್ತು ಕಂಪನಿ ಬರುತ್ತವಂತೆ. ರೆಸ್ಯೂಮೆ ಮೂವತ್ತು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಟ್ಟು ಬನ್ನಿ ಅಂದಿದ್ದಾರೆ ಮೇಷ್ಟ್ರು. ಅಷ್ಟೇ ಸಾಕಾ? ನನಗೆ ಅನುಭವ ಅಂತ ಏನೂ ಇಲ್ಲ. ರಜೆಯಲ್ಲಿ ಮಾವನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಅದನ್ನೆಲ್ಲ ಹೇಳಿದರೆ ನಗುತ್ತಾರೇನೋ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ನಾಲಿಗೆ ಹೊರಳಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್:

ನಾನೂ ಹಾಗೇ ಮಾಡಿದ್ದೆ. 22 ಸ್ಟಾಲ್‌ಗೆ ಹಂಚಿದೆ, ಒಂದೂ ಫೋನ್ ಬರಲಿಲ್ಲ. ಈಗ ಮೇಜಿನ ಆಚೆ ಕೂರುತ್ತೇನೆ. ಒಂದು ಫ್ಯಾಕ್ಟರಿಯ ಅಕೌಂಟ್ಸ್‌ನಲ್ಲಿದ್ದೇನೆ, ಮೇಳ ಬಂದಾಗ ಎಚ್‌ಆರ್ ಮೇಡಂ ಜೊತೆ ನನ್ನನ್ನೂ ಕಳಿಸುತ್ತಾರೆ.

ಸಂಜೆ ಹೊತ್ತಿಗೆ ಒಂದು ರಟ್ಟಿನ ಡಬ್ಬ ತುಂಬಾ ರೆಸ್ಯೂಮೆ. ನಿಜ ಹೇಳಲಾ? ಆ ಡಬ್ಬವನ್ನು ಯಾರೂ ಪೂರ್ತಿ ನೋಡಲ್ಲ. ಮೇಡಂ ಪೆನ್ಸಿಲ್‌ನಲ್ಲಿ ಮೂಲೆಯಲ್ಲಿ ಏನಾದರೂ ಗೀಚಿದ ಏಳೆಂಟು ಹಾಳೆ ಮಾತ್ರ ಮೇಲೆ ಬರುತ್ತವೆ. ಕಳೆದ ಸಲ ಒಂದರ ಮೇಲೆ ‘ಡೈರಿ ಹುಡುಗಿ’ ಅಂತ ಬರೆದಿದ್ದರು. ಊರಿನ ಹಾಲಿನ ಡೈರಿಯಲ್ಲಿ ಬಟವಾಡೆ ಪಟ್ಟಿ ಬರೆಯುತ್ತಿದ್ದಳಂತೆ. ಫ್ಯಾಟ್ ಕಡಿಮೆ ಬಂತು ಅಂತ ಜಗಳಕ್ಕೆ ಬಂದವರಿಗೆ ಪುಸ್ತಕ ತೆಗೆದು ತೋರಿಸುತ್ತಿದ್ದೆ ಅಂದಳು. ಕರೆ ಹೋಗಿದ್ದು ಅವಳಿಗೇ.

ಈಗ ನಿಮ್ಮದು. ಮಂಡಿ ಲೆಕ್ಕ ಅಂದರೆ ಏನು? ಹರಾಜಿನ ರೇಟು, ತೂಕ, ಹಮಾಲಿ, ಲಾರಿ ಬಾಡಿಗೆ, ರೈತನಿಗೆ ಕೊಟ್ಟ ಮುಂಗಡ ಕಳೆದು ಉಳಿದದ್ದು. ಅದು ಲೆಡ್ಜರ್ ಅಲ್ವಾ? ರೆಸ್ಯೂಮೆಯಲ್ಲಿ ಅದನ್ನೇ ಮೇಲೆ ಹಾಕಿ. ‘ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್’ ಇದ್ದರೆ ಕಿತ್ತು ಬಿಸಾಕಿ. ಒಂದೇ ಸೈಬರ್ ಸೆಂಟರ್‌ನಲ್ಲಿ ಟೈಪ್ ಮಾಡಿಸಿದ ಇಡೀ ಕ್ಲಾಸಿನ ಹಾಳೆಯಲ್ಲಿ ಅದೇ ಇರುತ್ತದೆ.

ಕಂಪನಿಗಳ ಪಟ್ಟಿ ಮುಂಚೆಯೇ ಪ್ಲೇಸ್‌ಮೆಂಟ್ ಸರ್ ಹತ್ತಿರ ಸಿಗುತ್ತದೆ. ಐದಾರು ಆರಿಸಿಕೊಳ್ಳಿ. ಮೊದಲು ನಿಮಗೆ ಬೇಡದ ಒಂದು ಸ್ಟಾಲ್‌ಗೆ ಹೋಗಿ ಮಾತಾಡಿ, ಕೈ ನಡುಕ ಅಲ್ಲೇ ಮುಗಿಯಲಿ. ಊಟದ ಹೊತ್ತಿಗೆ ಸಾಲು ಕರಗುತ್ತದೆ, ಎಲ್ಲರೂ ಪುಳಿಯೋಗರೆ ಪ್ಯಾಕೆಟ್ ಹಿಂದೆ. ನಮ್ಮಲ್ಲಿ ಒಬ್ಬರಂತೂ ಕೂತೇ ಇರುತ್ತೇವೆ, ಆಗ ಬನ್ನಿ. ‘ಸೇರಿದ ಮೊದಲ ತಿಂಗಳು ನನಗೆ ಯಾವ ಕೆಲಸ ಕೊಡ್ತೀರಿ?’ ಅಂತ ಕೇಳಿ. ನಾನಾದರೆ ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್ 2ಬಿ ಜೊತೆ, ಅಂದರೆ ನಮಗೆ ಮಾಲು ಮಾರಿದವರು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ ಪಟ್ಟಿ ಜೊತೆ, ತಾಳೆ ನೋಡೋದು ಅಂತ ಹೇಳುತ್ತೇನೆ. ಮಂಡಿಯಲ್ಲಿ ನೀವು ಮಾಡೋದನ್ನು ಅಲ್ಲಿಗೆ ಜೋಡಿಸಿ, ಮಾತು ತಾನಾಗೇ ಬೆಳೆಯುತ್ತದೆ.

ಇಂಗ್ಲಿಷ್ ವಿಷಯ: ಪರಿಚಯದ ನಾಲ್ಕು ಸಾಲು ಬಾಯಿಗೆ ಬರುವಷ್ಟು ಹೇಳಿ ಅಭ್ಯಾಸ ಮಾಡಿ, ಆಮೇಲೆ ‘ಕನ್ನಡದಲ್ಲಿ ಹೇಳಲಾ ಸರ್?’ ಅನ್ನಿ. ಅಕೌಂಟ್ಸ್ ಕೆಲಸಕ್ಕೆ ನಾವಂತೂ ಬೇಡ ಅಂದಿಲ್ಲ. ಕಾಲ್ ಸೆಂಟರ್‌ನವರ ಕಥೆ ಬೇರೆ.

ಸಂಬಳದ ಚೀಟಿ:

ನಾನು ಪೇರೋಲ್ ಮಾಡುವವಳು. ಬ್ಯಾನರ್ ಮೇಲೆ ‘2.4 ಲಕ್ಷ’ ಅಂತಿದ್ದರೆ ತಿಂಗಳಿಗೆ 20 ಸಾವಿರ ಅಂದುಕೊಳ್ಳಬೇಡಿ. ಅದು ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ವರ್ಷಕ್ಕೆ ಬೀಳುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಆಸ್ಪತ್ರೆ ಖರ್ಚಿನ ವಿಮೆ), ಗ್ರಾಚುಟಿ (ಕೆಲಸ ಬಿಡುವಾಗಿನ ಇಡುಗಂಟು) ಎಲ್ಲ ಸಾಮಾನ್ಯವಾಗಿ ಅದರೊಳಗೇ. ಬೇಸಿಕ್ (ಮೂಲ ವೇತನ) ತಿಂಗಳಿಗೆ 12 ಸಾವಿರ ಅಂತಿಟ್ಟರೆ ಪಿಎಫ್‌ಗೆ ನಿಮ್ಮದು 1,440, ಕಂಪನಿಯದು 1,440. ಎಲ್ಲ ಕಳೆದು ಕೈಗೆ ಬರೋದು 16 ಸಾವಿರದ ಆಸುಪಾಸು. ಅದರಲ್ಲಿ ಪಿಜಿ ದುಡ್ಡು ಕಳೆದು ನೋಡಿ.

ಇನ್ನೊಂದು. ಇದು ಕೆಲಸವೋ ಅಪ್ರೆಂಟಿಸೋ ಅಂತ ಬಾಯಿಬಿಟ್ಟು ಕೇಳಿ. ಅಪ್ರೆಂಟಿಸ್ ಕೆಟ್ಟದ್ದಲ್ಲ, ಆದರೆ ಅಲ್ಲಿ ಸಿಗೋದು ಸ್ಟೈಪೆಂಡ್, ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಬಿಟ್ಟು ಬರಬೇಡಿ. ‘ಟ್ರೈನಿಂಗ್ ಫೀ’ ಅಂತ ಯಾರಾದರೂ ದುಡ್ಡು ಕೇಳಿದರೆ ಮುಂದಿನ ಸ್ಟಾಲ್‌ಗೆ ನಡೀರಿ.

ತಿಪಟೂರಿನ ಕೊನೇ ಬೆಂಚು:

ನಿನ್ನೆ ಮುಗಿಯಿತು. ಮೊದಲ ಸ್ಟಾಲ್‌ನಲ್ಲಿ ನನ್ನ ಕಾಲೇಜಿನ ಹೆಸರೇ ಮರೆತುಹೋಯಿತು! ಮಧ್ಯಾಹ್ನ ಒಂದು ಟೈಲ್ಸ್ ಕಂಪನಿಯವರ ಹತ್ತಿರ ಮಂಡಿ ವಿಷಯ ತೆಗೆದೆ. ಮೇಜಿನ ಆಚೆ ಇದ್ದವರು ಅರಸೀಕೆರೆ ಕಡೆಯವರು, ಅವರದ್ದೂ ತೆಂಗಿನ ತೋಟ. ‘ಈಗ ಕ್ವಿಂಟಲ್‌ಗೆ ಎಷ್ಟು ನಡೀತಿದೆ?’ ಅಂತ ಶುರು ಮಾಡಿ ಹತ್ತು ನಿಮಿಷ ಕೊಬ್ಬರಿ ರೇಟೇ ಮಾತಾಡಿದರು. ಮುಂಗಡ ಹೇಗೆ ಬರೀತೀಯ, ರೈತ ಒಪ್ಪದಿದ್ದರೆ ಏನು ಮಾಡ್ತೀಯ ಅಂತೆಲ್ಲ ಕೇಳಿದರು. ಹಾಳೆಯ ಮೂಲೆಯಲ್ಲಿ ಏನೋ ಗೀಚಿದರು. ತಲೆಕೆಳಗಾಗಿ ಓದಲು ನೋಡಿದೆ, ಅಕ್ಷರ ಸಿಗಲಿಲ್ಲ. ಗುರುವಾರ ಫೋನ್ ಮಾಡುತ್ತಾರಂತೆ. ಅಕ್ಕಾ, ಕೈಗೆಷ್ಟು ಬರುತ್ತೆ ಅಂತ ಕೇಳೋಕೆ ಧೈರ್ಯ ಬರಲಿಲ್ಲ. ಫೋನ್‌ನಲ್ಲಿ ಕೇಳಿದರೆ ತಪ್ಪಾಗುತ್ತಾ?

ಸಂಬಳದ ಚೀಟಿ:

ಏನೂ ತಪ್ಪಾಗಲ್ಲ. ಅವರು ಕೊಬ್ಬರಿ ರೇಟು ಕೇಳಲಿಲ್ವಾ?