ಗುಡ್ಡದ ಬುಡದಲ್ಲಿ ಮನೆ ಜಾಗ: ಜರಿದ ಮಣ್ಣು ಎಲ್ಲಿಗೆ ಬರುತ್ತೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ಸಂಪಾಜೆ ಕಡೆ ಮನೆ ಕಟ್ಟಲು ಜಾಗ ನೋಡಿದ್ದೇವೆ. ಸಪಾಟು ನೆಲ, ಪಕ್ಕದಲ್ಲಿ ಬೇಸಿಗೆಗೆ ಒಣಗುವ ತೋಡು. "ಗುಡ್ಡ ಅರ್ಧ ಕಿಲೋಮೀಟರ್ ಆಚೆ ಇದೆ, ಹೆದರಬೇಡಿ" ಅಂತಾರೆ ಮಾರುವವರು. ಅನುಭವ ಇದ್ದವರು ದಯವಿಟ್ಟು ಹೇಳಿ.

ಮಡಿಕೇರಿ ತಾಲ್ಲೂಕಿನಿಂದ: ಗುಡ್ಡ ಎಷ್ಟು ದೂರ ಅನ್ನೋದಕ್ಕಿಂತ ಅಲ್ಲಿಂದ ನಿಮ್ಮ ಜಾಗಕ್ಕೆ ದಾರಿ ಇದೆಯಾ ನೋಡಿ. 2018ರ ಆಗಸ್ಟ್ ಮಳೆಯಲ್ಲಿ ನಮ್ಮಲ್ಲಿ ಎರಡು ಥರ ಜರಿಯಿತು. ತೋಟದ ಮೇಲಿನ ಇಳಿಜಾರಿನಲ್ಲಿ ಕೊರಕಲು ಇರಲಿಲ್ಲ. ಅಲ್ಲಿ ಜರಿದ ಮಣ್ಣು ಕಾಫಿ ಗಿಡಗಳನ್ನು ಎಳೆದುಕೊಂಡು ಅಗಲಕ್ಕೆ ಹರಡಿ, ಇಳಿಜಾರು ಮುಗಿದಲ್ಲೇ ನಿಂತಿತು. ಇನ್ನೊಂದು ಕಡೆ ಜರಿದದ್ದು ಕೊಲ್ಲಿಗೆ, ಅಂದರೆ ಗುಡ್ಡದಿಂದ ನೀರು ಇಳಿಯುವ ಆಳದ ಕೊರಕಲಿಗೆ ಬಿತ್ತು. ಎರಡೂ ಕಡೆ ದಡ, ಹರಡಲು ಜಾಗ ಇಲ್ಲ. ಕೊಲ್ಲಿಯ ನೀರೂ ಸೇರಿಕೊಂಡು, ತಳದ ಬಂಡೆ, ದಡದ ಮರ ಎಲ್ಲ ಕಿತ್ತುಕೊಂಡು, ಹೋದಷ್ಟೂ ದೊಡ್ಡದಾಯಿತು. ಕೊಲ್ಲಿ ಬಯಲಿಗೆ ಬಿಚ್ಚಿಕೊಳ್ಳುವ ಕಡೆ ಬಂದ ಮೇಲೆ ಬೀಸಣಿಗೆಯ ಹಾಗೆ ಹರಡಿತು.

ಈ ಬೀಸಣಿಗೆ ನೆಲವೇ ಮೋಸ ಮಾಡೋದು. ಸಪಾಟು, ಒಳ್ಳೆ ಮಣ್ಣು, ನೀರು ಹತ್ತಿರ; ನಾವೆಲ್ಲ ಮನೆ ಕಟ್ಟೋದು ಅಲ್ಲೇ. ನಮ್ಮ ಬಾವಿ ತೋಡಿದಾಗ ಒಂದಾಳು ಆಳದಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು, ಜಲ್ಲಿ, ಕೆಸರು ಎಲ್ಲ ಕಲಸಿಟ್ಟ ಹಾಗೆ ಸಿಕ್ಕಿತ್ತು. ಕಲ್ಲುಗಳ ಮೂಲೆ ಇನ್ನೂ ಚೂಪಾಗಿತ್ತು. ಹೊಳೆ ನಿಧಾನಕ್ಕೆ ತಂದು ಹಾಕಿದ್ದರೆ ಮರಳು ಒಂದು ಪದರ, ಜಲ್ಲಿ ಒಂದು ಪದರ ಅಂತ ಬೇರೆ ಬೇರೆ ಇರುತ್ತಿತ್ತು. ಅಂದರೆ ಹಿಂದೆ ಯಾವಾಗಲೋ ಗುಡ್ಡ ಇಲ್ಲಿಗೆ ಬಂದಿತ್ತು. ನಮಗೆ ಆಗ ಅರ್ಥ ಆಗಲಿಲ್ಲ.

ಭೂವಿಜ್ಞಾನ ಓದುತ್ತಿರುವವಳು: ಮೇಲಿನವರ ಮಾತು ಪೂರ್ತಿ ಸರಿ. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ರಂದು ಆದದ್ದೂ ಕೊಲ್ಲಿ ಹಿಡಿದು ಬಂದ ಹರಿವೇ. ಸುಮಾರು 1,550 ಮೀಟರ್ ಎತ್ತರದಲ್ಲಿ ಜರಿದದ್ದು ಹೊಳೆಯ ಕಣಿವೆಯಲ್ಲೇ ಸುಮಾರು 8 ಕಿಲೋಮೀಟರ್ ಇಳಿಯಿತು. ಚೂರಲ್‌ಮಲದ ಪೇಟೆಯಲ್ಲಿ ನಿಂತವರಿಗೆ ಆ ತುದಿ ತಮ್ಮ ಗುಡ್ಡ ಅಂತ ಅನ್ನಿಸಿರಲಿಕ್ಕಿಲ್ಲ.

ಸರ್ವೆ ಆಫ್ ಇಂಡಿಯಾ ನಕ್ಷೆ ಸಿಕ್ಕರೆ ಸಮೋನ್ನತಿ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ನೋಡಿ. ಅವು ಮೊನಚಾಗಿ ಎತ್ತರದ ಕಡೆ ತಿರುಗಿದ್ದರೆ ಅದು ಕೊಲ್ಲಿ. ಅದರ ತಲೆಯಲ್ಲಿ ಬೊಗಸೆಯಂಥ ತಗ್ಗು ಇದ್ದರೆ ಸುತ್ತಲಿನ ಮಳೆನೀರು ಅಲ್ಲೇ ಇಂಗಿ ಮಣ್ಣನ್ನು ಸಡಿಲಿಸುತ್ತೆ. ಭೂಕುಸಿತದ ನಕ್ಷೆಗಳನ್ನೂ ನೋಡಿ, ಆದರೆ ಅವು ಹೆಚ್ಚಾಗಿ ತೋರಿಸೋದು ಎಲ್ಲಿ ಜರಿಯಬಹುದು ಅಂತ. ಜರಿದದ್ದು ಎಲ್ಲಿವರೆಗೆ ಬರುತ್ತೆ ಅಂತ ಅಲ್ಲ. ನಿಮ್ಮ ಜಾಗ ಅದರಲ್ಲಿ ಹಸಿರು, ಅಂದರೆ ಅಪಾಯ ಕಡಿಮೆ ಅಂತ ಇದ್ದರೂ ನೆಚ್ಚಬೇಡಿ.

ಸಕಲೇಶಪುರದಿಂದ: ಮನೆ ಹಿಂದಿನ ಬರೆ (ಗುಡ್ಡದ ಕಡಿದಾದ ಪಕ್ಕ) ಕಡಿದು ಜಾಗ ಅಗಲ ಮಾಡಬೇಡಿ. ಕೊಲ್ಲಿ ಇಲ್ಲದ ಕಡೆಯೂ ನಮ್ಮಲ್ಲಿ ಅದರಿಂದಲೇ ಕುಸಿದಿದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಇವತ್ತು ತೋಡು ಹಿಡಿದು ಮೇಲಕ್ಕೆ ನಡೆದೆವು. ಎರಡೂ ದಡದ ಮೇಲೆ ಕಟ್ಟೆ ಕಟ್ಟಿದ ಹಾಗೆ ದೊಡ್ಡ ಬಂಡೆಗಳ ಸಾಲು, ಮೇಲೆಲ್ಲ ಪಾಚಿ. ಹಿಂದೆ ಇಲ್ಲೂ ಅಂಥ ಹರಿವು ಬಂದು ಬಿಟ್ಟುಹೋದದ್ದೇ ಇರಬೇಕು. ತೋಡು ಬಯಲಿಗೆ ಬೀಳೋದು ಸರಿಯಾಗಿ ನಮ್ಮ ಸೈಟಿನ ಮೂಲೆಯಲ್ಲಿ. ಮುಂಗಡ ಕೊಟ್ಟಿಲ್ಲ, ಕೊಡೋದೂ ಇಲ್ಲ.