ಬಿಸಿ ಆದ ಮೇಲೆ ಸ್ಟಾರ್ಟ್ ಆಗದ ಹಳೇ ಕಾರು: ಪಾರ್ಟ್ ಬದಲಾಯಿಸುವ ಮೊದಲು ಇದನ್ನು ನೋಡಿ

ನಿಮ್ಮ ಪ್ರಶ್ನೆ ಓದಿದೆ. ಎಪ್ಪತ್ತರ ದಶಕದ ನಾಲ್ಕು ಸಿಲಿಂಡರ್ ಗಾಡಿ, ಪೆಟ್ರೋಲನ್ನು ಗಾಳಿಗೆ ಬೆರೆಸಿ ಕೊಡುವ ಕಾರ್ಬೊರೇಟರ್, ಕಿಡಿ ಬರಿಸಲು ಕರೆಂಟನ್ನು ಸೇರಿಸಿ ಬಿಡಿಸುವ ಪಾಯಿಂಟ್ ಇರುವ ಹಳೇ ಇಗ್ನಿಷನ್. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿ ಹತ್ತು ನಿಮಿಷ ನಿಲ್ಲಿಸಿದರೆ ಮುಗೀತು, ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್. ಪ್ಲಗ್ ಬದಲಾಯಿಸಿದ್ದೀರಿ, ಫ್ಯೂಯಲ್ ಪಂಪೂ ಬದಲಾಯಿಸಿದ್ದೀರಿ, ಈಗ ಕಾರ್ಬೊರೇಟರ್ ಹೊಸದು ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ಮುಂದಿನ ಸಲ ಗಾಡಿ ಕೈಕೊಟ್ಟಾಗ ಅಲ್ಲೇ, ಆ ಬಿಸಿಯಲ್ಲೇ, ಬಾನೆಟ್ ಎತ್ತಿ ಐದು ನಿಮಿಷ ನೋಡಿ.

ಈ ತೊಂದರೆ ಇರುವುದೇ ಆ ಬಿಸಿಯಲ್ಲಿ. ಗ್ಯಾರೇಜಿಗೆ ತಲುಪುವ ಹೊತ್ತಿಗೆ ಇಂಜಿನ್ ತಣ್ಣಗಾಗಿರುತ್ತದೆ, ಮೆಕ್ಯಾನಿಕ್ ಏನು ಚೆಕ್ ಮಾಡಿದರೂ ಸರಿಯಾಗಿಯೇ ಕಾಣುತ್ತದೆ, ಪಾಪ ಅವರು ಅಂದಾಜಿನ ಮೇಲೆ ಒಂದೊಂದೇ ಬದಲಾಯಿಸುತ್ತಾ ಹೋಗುತ್ತಾರೆ. ನನಗೂ ಹೀಗೇ ಒಂದು ವರ್ಷ ಹೋಯಿತು.

ಓಡುವಾಗ ತೊಂದರೆ ಕೊಡದೆ ನಿಲ್ಲಿಸಿದ ಮೇಲೇ ಕೊಡುತ್ತದಲ್ವಾ, ಅದಕ್ಕೂ ಕಾರಣ ಇದೆ. ಓಡುವಾಗ ಫ್ಯಾನು, ಗಾಳಿ, ರೇಡಿಯೇಟರ್ ನೀರು ಎಲ್ಲವೂ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತಿರುತ್ತವೆ. ಆಫ್ ಮಾಡಿದ ಕೂಡಲೇ ಅದೆಲ್ಲ ನಿಂತುಹೋಗುತ್ತದೆ. ಹೊಗೆ ಹೊರಹೋಗುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಬಿಸಿ ಮಾತ್ರ ಕಾರ್ಬೊರೇಟರು, ಪೆಟ್ರೋಲ್ ಪೈಪು, ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್ ಎಲ್ಲದಕ್ಕೂ ಏರುತ್ತದೆ. ನಿಲ್ಲಿಸಿದ ಹತ್ತು ಹದಿನೈದು ನಿಮಿಷಕ್ಕೆ ಬಾನೆಟ್ ಒಳಗೆ ಓಡುವಾಗಿನದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ನಿಮಗೆ ಹತ್ತೇ ನಿಮಿಷಕ್ಕೆ ತೊಂದರೆ ಆಗುವುದೂ, ಮುಕ್ಕಾಲು ಗಂಟೆಗೆ ಸರಿಹೋಗುವುದೂ ಇದಕ್ಕೆ ಹೊಂದುತ್ತದೆ.

ಮೊದಲು ಸ್ಪಾರ್ಕ್ ನೋಡಿ. ಡಿಕ್ಕಿಯಲ್ಲಿ ಒಂದು ಸ್ಪೇರ್ ಪ್ಲಗ್, ಎರಡೂ ತುದಿಗೆ ಕ್ಲಿಪ್ ಇರುವ ಒಂದು ವೈರ್ ಇಟ್ಟುಕೊಳ್ಳಿ. ಗಾಡಿ ಹಿಡಿಯದಿದ್ದಾಗ ಒಂದು ಪ್ಲಗ್ ವೈರ್ ಕಿತ್ತು ಸ್ಪೇರ್ ಪ್ಲಗ್ಗಿಗೆ ಹಾಕಿ, ಪ್ಲಗ್ಗಿನ ಮೈಯನ್ನು ಕ್ಲಿಪ್ಪಿನಿಂದ ಇಂಜಿನ್ ಲೋಹಕ್ಕೆ ಸೇರಿಸಿ, ಕಾರ್ಬೊರೇಟರಿನಿಂದ ದೂರ ಇಡಿ. ಕೈಯಲ್ಲಿ ಹಿಡಿಯಬೇಡಿ. ಎಲ್ಲಾದರೂ ಪೆಟ್ರೋಲ್ ಸೋರುತ್ತಿದ್ದರೆ ಈ ಟೆಸ್ಟೇ ಬೇಡ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ, ನೀವು ನೋಡಿ. ಚಟ್ ಚಟ್ ಅಂತ ಶಬ್ದ ಮಾಡುವ ದಪ್ಪ ನೀಲಿ ಕಿಡಿ ಬಂದರೆ ಇಗ್ನಿಷನ್ ಸರಿ ಇದೆ, ಪೆಟ್ರೋಲ್ ಕಡೆ ಹೋಗಿ. ಹಳದಿ ಬಣ್ಣದ ಸಣ್ಣ ಕಿಡಿ, ಅಥವಾ ಏನೂ ಇಲ್ಲ ಅಂದರೆ ಕಾರ್ಬೊರೇಟರ್ ಮುಟ್ಟಲೇಬೇಡಿ.

ನನ್ನ ಗಾಡಿಯಲ್ಲಿ ಬಂದದ್ದು ಹಳದಿ. ನೂಲಿನ ಎಳೆಯಷ್ಟು ತೆಳ್ಳಗೆ, ಎರಡಕ್ಕೊಂದು ತಪ್ಪಿ ಬರುತ್ತಿತ್ತು. ಕಾಯಿಲ್ ಮೇಲೆ ಕೈ ಇಟ್ಟರೆ ಒಂದು ಸೆಕೆಂಡ್ ಇಡಲು ಆಗಲಿಲ್ಲ. ಸುಮ್ನೆ ನೋಡೋಣ ಅಂತ ಕೀ ಆಫ್ ಮಾಡಿ, ಒದ್ದೆ ಬಟ್ಟೆ ಹಿಂಡಿ ಕಾಯಿಲ್ಲಿನ ಮೈಗೆ ಮಾತ್ರ ಸುತ್ತಿದೆ, ಮೇಲಿನ ಟರ್ಮಿನಲ್ ಕಡೆ ನೀರು ತಾಗದ ಹಾಗೆ. ಬಟ್ಟೆಯಿಂದ ಹಬೆ ಎದ್ದಿತು. ಇನ್ನೆರಡು ಸಲ ಒದ್ದೆ ಮಾಡಿ ಸುತ್ತಿ, ಐದು ನಿಮಿಷ ಬಿಟ್ಟು, ಬಟ್ಟೆ ತೆಗೆದು ಒರೆಸಿ ಸೆಲ್ಫ್ ಹೊಡೆದರೆ ಇಂಜಿನ್ ತಕ್ಷಣ ಹಿಡಿಯಿತು. ಒಂದು ವರ್ಷದ ತಲೆನೋವಿನ ಕಾರಣ ಅವತ್ತು ಕಣ್ಣಿಗೆ ಕಂಡಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಾನು ಅಷ್ಟಕ್ಕೇ ಹೊಸ ಕಾಯಿಲ್ ಹಾಕಿ ಸುಮ್ಮನಾಗಿದ್ದರೆ ಅದೂ ಹೋಗುತ್ತಿತ್ತು. ಮಲ್ಟಿಮೀಟರ್ ಇಟ್ಟು ನೋಡಿದಾಗ ಪ್ರೈಮರಿ ರೆಸಿಸ್ಟೆನ್ಸ್, ಅಂದರೆ ಕಾಯಿಲ್ಲಿನ ಎರಡು ಸಣ್ಣ ಟರ್ಮಿನಲ್‌ಗಳ ನಡುವಿನದು, 1.5 ಓಮ್ ಬಂತು. ಅದು ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಹಾಕಬೇಕಾದ ಕಾಯಿಲ್. ನನ್ನ ಗಾಡಿಯ ವೈರಿಂಗ್‌ನಲ್ಲಿ ಬ್ಯಾಲಸ್ಟ್ ಇರಲೇ ಇಲ್ಲ, ಅದಕ್ಕೆ ಬೇಕಾದದ್ದು ಸುಮಾರು 3 ಓಮ್‌ನ ಕಾಯಿಲ್. ಹಿಂದೆ ಯಾರೋ ಕೈಗೆ ಸಿಕ್ಕಿದ್ದನ್ನು ಹಾಕಿದ್ದರು. 12 ವೋಲ್ಟಿಗೆ 3 ಓಮ್ ಅಂದರೆ 4 ಆಂಪ್, 1.5 ಓಮ್ ಅಂದರೆ 8 ಆಂಪ್. ಎರಡರಷ್ಟು ಕರೆಂಟ್ ಹರಿದರೆ ಕಾಯಿಲ್ ಕಾಯುತ್ತದೆ, ಪಾಯಿಂಟೂ ಸುಡುತ್ತದೆ. ನಿಮ್ಮ ಕಾಯಿಲ್ಲಿನ ವೈರ್ ಬಿಚ್ಚಿ ತಣ್ಣಗಿದ್ದಾಗ ಒಮ್ಮೆ, ಬಿಸಿ ಇದ್ದಾಗ ಒಮ್ಮೆ ಅಳೆಯಿರಿ. ತಾಮ್ರದ ಸುರುಳಿ, ಬಿಸಿಗೆ ಸ್ವಲ್ಪ ಏರುವುದು ಸಹಜ, 50 ಡಿಗ್ರಿ ಏರಿದರೆ 20 ಪರ್ಸೆಂಟ್ ಹತ್ತಿರ ಏರಬಹುದು. ಅದಕ್ಕಿಂತ ತುಂಬಾ ಹೆಚ್ಚಾದರೆ, ರೀಡಿಂಗ್ ಕುಣಿದಾಡಿದರೆ ಕಾಯಿಲ್ ಒಳಗೇ ಕೆಟ್ಟಿದೆ. ರೀಡಿಂಗ್ ಚೆನ್ನಾಗಿದ್ದೂ ಸ್ಪಾರ್ಕ್ ಸೊರಗಿದ್ದರೆ ಪಾಯಿಂಟಿಗೆ ಜೋಡಿಸಿರುವ ಸಣ್ಣ ಕೆಪಾಸಿಟರ್, ಅಂದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ, ಅದೂ ಬಿಸಿಗೆ ಕೈಕೊಡುವ ಪಾರ್ಟೇ. ಹೊಸದು ಅಂತ ನಂಬಬೇಡಿ, ಹೊಸ ಕಂಡೆನ್ಸರೇ ವಾರದಲ್ಲಿ ಹೋದದ್ದನ್ನು ನೋಡಿದ್ದೇನೆ. ತೆಗೆದಿಟ್ಟ ಹಳೆಯದು ಚೆನ್ನಾಗಿದ್ದರೆ ಅದನ್ನೇ ಹಾಕಿ ನೋಡಿ.

ಸ್ಪಾರ್ಕ್ ನೀಲಿ ಬಂದರೆ ಪೆಟ್ರೋಲ್ ಕಡೆ ನೋಡಬೇಕು. ಅಲ್ಲಿ ಎರಡು ತದ್ವಿರುದ್ಧ ತೊಂದರೆಗಳಿವೆ, ಜಾಸ್ತಿ ಜನ ಎರಡಕ್ಕೂ ಏರ್ ಲಾಕ್ ಅಂದುಬಿಡುತ್ತಾರೆ. ಏರ್ ಫಿಲ್ಟರ್ ತೆಗೆದು ಟಾರ್ಚ್ ಹಾಕಿ ಕಾರ್ಬೊರೇಟರ್ ಬಾಯೊಳಗೆ ನೋಡಿ, ಒಮ್ಮೆ ಆಕ್ಸಿಲರೇಟರ್ ತುಳಿಸಿ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬೊರೇಟರ್ ಆದರೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಬಹುಶಃ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಖಾಲಿ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಕೂತಿದೆ, ಪಂಪ್ ಆ ಆವಿಯನ್ನು ಎಳೆಯಲಾರದು. ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಹಾಕಿ ನೋಡಿ. ಟ್ಯಾಂಕಿನ ಮುಚ್ಚಳವನ್ನೂ ತೆಗೆದು ನೋಡಿ, ಗಾಳಿ ಒಳಗೆ ಎಳೆದುಕೊಂಡು ಉಸ್ಸ್ ಅಂದರೆ ಅದರ ಗಾಳಿತೂತು ಕಟ್ಟಿದೆ. ಇನ್ನೊಂದು, ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಓಡುವಾಗ ಅದು ಸೋರದೆ ಗಾಳಿ ಎಳೆಯಬಹುದು, ಆಗ ಹೊಸ ಪಂಪ್ ಹಾಕಿದರೂ ಫಲ ಇಲ್ಲ. ಎಥನಾಲ್ ಬೆರೆಸಿದ ಪೆಟ್ರೋಲು ಹಳೇ ರಬ್ಬರನ್ನು ಬೇಗ ತಿನ್ನುತ್ತದೆ, ಹೋಸ್ ಎಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸುವುದು ಹೇಗೂ ಒಳ್ಳೆಯದು.

ಎರಡನೆಯದು ಇದರ ಉಲ್ಟಾ, ಪೆಟ್ರೋಲ್ ಜಾಸ್ತಿ ಆಗುವುದು. ನನ್ನ ಗೆಳೆಯನ ಗಾಡಿಯಲ್ಲಿ ಹೀಗಾಗಿತ್ತು. ನಿಲ್ಲಿಸಿ ಐದು ನಿಮಿಷಕ್ಕೆ ಕಿವಿ ಹತ್ತಿರ ಇಟ್ಟರೆ ಕಾರ್ಬೊರೇಟರ್ ಒಳಗಿಂದ ಗುಳುಗುಳು ಸದ್ದು, ಟಾರ್ಚ್ ಹಾಕಿದರೆ ಇಂಜಿನ್ ನಿಂತಿದ್ದರೂ ಜೆಟ್‌ನಿಂದ ಪೆಟ್ರೋಲ್ ತೊಟ್ಟು ತೊಟ್ಟಾಗಿ ಮ್ಯಾನಿಫೋಲ್ಡಿಗೆ ಬೀಳುತ್ತಿತ್ತು. ಪೆಟ್ರೋಲಿನ ಹಗುರ ಭಾಗ 35–40 ಡಿಗ್ರಿಗೇ ಕುದಿಯಲು ಶುರು, ಫ್ಲೋಟ್ ಚೇಂಬರ್ ಕಾದರೆ ಹೀಗೆ ಉಕ್ಕುತ್ತದೆ. ಹಿಂದೊಮ್ಮೆ ಓವರ್‌ಹಾಲ್ ಮಾಡಿದವರು ಕಾರ್ಬೊರೇಟರ್ ಕೆಳಗಿನ, ಬಿಸಿ ಏರದಂತೆ ತಡೆಯುವ ದಪ್ಪ ಬೇಕಲೈಟ್ ಸ್ಪೇಸರ್ ಬಿಟ್ಟು ಬರೀ ಪೇಪರ್ ಪ್ಯಾಕಿಂಗ್ ಹಾಕಿದ್ದರು. ಸ್ಪೇಸರ್ ವಾಪಸ್ ಹಾಕಿ, ಎಗ್ಸಾಸ್ಟ್ ಮೇಲೆ ತಗಡಿನ ಹೀಟ್ ಶೀಲ್ಡ್ ಕೂರಿಸಿದ ಮೇಲೆ ನಿಂತಿತು. ಅಲ್ಲಿಯವರೆಗೆ ಅವನಿಗೆ ಕೆಲಸಕ್ಕೆ ಬಂದ ಉಪಾಯ ಒಂದೇ. ಚೋಕ್ ಎಳೆಯದೆ, ಆಕ್ಸಿಲರೇಟರನ್ನು ನಿಧಾನವಾಗಿ ಪೂರ್ತಿ ತುಳಿದು ಹಿಡಿದು, ಪಂಪ್ ಮಾಡದೆ, ಎಂಟು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯುವುದು. ಹಿಡಿದ ಕೂಡಲೇ ಕಾಲು ಸಡಿಲಿಸಬೇಕು. ಪದೇ ಪದೇ ಪೆಡಲ್ ಒತ್ತಿದರೆ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ, ನಾವೆಲ್ಲ ಗಾಬರಿಯಲ್ಲಿ ಮಾಡುವುದು ಅದನ್ನೇ. ನಿಮ್ಮದು ಆಟೊಮ್ಯಾಟಿಕ್ ಚೋಕ್ ಆಗಿದ್ದರೆ ಬಿಸಿಯಲ್ಲಿ ಅದರ ತಟ್ಟೆ ಪೂರ್ತಿ ತೆರೆದಿದೆಯಾ ಅಂತಲೂ ನೋಡಿಬಿಡಿ.

ಇದನ್ನು ಓದುವ ಬೇರೆಯವರಿಗೆ, ಬಿಸಿಯಲ್ಲಿ ಸೆಲ್ಫೇ ನರಳಿ ತಿರುಗುತ್ತಿದ್ದರೆ ಇದ್ಯಾವುದೂ ಅಲ್ಲ. ಬ್ಯಾಟರಿ ಕೇಬಲ್, ಇಂಜಿನ್ ಅರ್ತ್ ಪಟ್ಟಿ, ಟೈಮಿಂಗ್ ಜಾಸ್ತಿ ಅಡ್ವಾನ್ಸ್ ಆಗಿ ಕಿಡಿ ತೀರಾ ಬೇಗ ಬರುತ್ತಿದೆಯಾ, ಈ ಮೂರನ್ನು ನೋಡಿ.

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಕಾಯಿಲ್ ಮತ್ತು ಕಂಡೆನ್ಸರ್ ಮೇಲೆ. ಪೆಟ್ರೋಲ್ ವಾಸನೆ ಬರುತ್ತದೆ ಅಂತ ನೀವು ಎಲ್ಲೂ ಬರೆದಿಲ್ಲ, ಅದಕ್ಕೇ. ಆದರೂ ಕಿಡಿ ನೋಡದೆ ಏನೂ ಕೊಳ್ಳಬೇಡಿ. ಕಿಡಿಯ ಬಣ್ಣ ಹೇಗಿತ್ತು, ಕಾಯಿಲ್ ತಣ್ಣಗೆ ಎಷ್ಟು ಓಮ್, ಬಿಸಿಗೆ ಎಷ್ಟು ಓಮ್ ಬಂತು ಅಂತ ಬರೆಯಿರಿ, ಮುಂದಿನದನ್ನು ಆಮೇಲೆ ನೋಡೋಣ.