ಕೋರ್ಟಿನಲ್ಲಿ ಸಾಹೇಬರೇ ಏಕವಚನದಲ್ಲಿ ಬೈದರೆ ಏನು ಮಾಡಬೇಕು?

ಅಡಿಕೆತೋಟ:

ನಮಸ್ಕಾರ. ನಮ್ಮಕ್ಕನ ಜೀವನಾಂಶದ ಕೇಸು ತಾಲ್ಲೂಕು ಕೋರ್ಟಿನಲ್ಲಿ ನಡೀತಾ ಇದೆ. ಗಂಡ ಮನೆಯಿಂದ ಹೊರಗೆ ಹಾಕಿದ ಮೇಲೆ ಮಗುವನ್ನು ಕಟ್ಟಿಕೊಂಡು ನಮ್ಮಲ್ಲೇ ಇದ್ದಾಳೆ. ಮೊನ್ನೆ ವಾಯಿದೆಗೆ ನಾನೂ ಜೊತೆಗೆ ಹೋಗಿದ್ದೆ. ನಮ್ಮ ವಕೀಲರು ಬೇರೆ ಹಾಲ್‌ನಲ್ಲಿದ್ದರು, ಬರೋದು ಸ್ವಲ್ಪ ತಡ ಆಯಿತು, ಅಷ್ಟರಲ್ಲಿ ಕೇಸು ಕೂಗಿದರು. ಅಕ್ಕ ಒಬ್ಬಳೇ ಮುಂದೆ ಹೋಗಿ ನಿಂತಳು. ಜಡ್ಜ್ ಸಾಹೇಬರು ಫೈಲ್ ತಿರುವಿ, ‘ಬಿ.ಕಾಂ. ಓದಿದ್ದೀಯ, ಕೈಕಾಲು ನೆಟ್ಟಗಿದೆ, ದುಡಿದು ತಿನ್ನೋಕೆ ಏನು ರೋಗ ನಿನಗೆ?’ ಅಂದರು. ಅವಳು ಏನೋ ಹೇಳೋಕೆ ಬಾಯಿ ತೆರೆದಳು. ‘ಸುಮ್ನಿರು, ವಕೀಲರನ್ನ ಕರ್ಕೊಂಡು ಬಾ’ ಅಂತ ಗದರಿದರು. ಹಾಲ್ ತುಂಬಾ ಜನ. ಅದೇ ಭಾವನ ಹತ್ತಿರ ಮಾತಾಡುವಾಗ ಮಾತ್ರ ‘ನೀವು ಎಲ್ಲಿ ಕೆಲಸ ಮಾಡ್ತೀರಿ’ ಅಂತ ಬಹುವಚನ.

ಇನ್ನು ಕೋರ್ಟಿಗೇ ಬರಲ್ಲ ಅಂತ ಅಕ್ಕ ಕೂತುಬಿಟ್ಟಿದ್ದಾಳೆ. ವಕೀಲರನ್ನು ಕೇಳಿದರೆ ‘ಅವರ ಸ್ವಭಾವನೇ ಹಾಗೆ, ಮನಸ್ಸಿಗೆ ಹಚ್ಕೋಬೇಡಿ’ ಅಂತಾರೆ. ದೂರು ಕೊಡಬಹುದಾ? ಕೊಟ್ಟರೆ ನ್ಯಾಯಾಂಗ ನಿಂದನೆ ಆಗುತ್ತಾ? ಮುಂದಿನ ಸಲವೂ ಹೀಗೇ ಅಂದರೆ ಅಲ್ಲೇ ನಿಂತು ಏನು ಹೇಳಬೇಕು?

ಕರಿಕೋಟು:

ನಾನು ಇದೇ ವೃತ್ತಿಯಲ್ಲಿದ್ದೇನೆ. ಮೊದಲು ಒಂದು ಮಾತು, ಅಕ್ಕ ವಾಯಿದೆ ತಪ್ಪಿಸಬಾರದು. ಅರ್ಜಿದಾರರೇ ಬರದಿದ್ದರೆ ಅರ್ಜಿ ವಜಾ ಮಾಡುವ ಕೋರ್ಟುಗಳಿವೆ. ಹಾಗಾದರೆ ಲಾಭ ಎದುರು ಪಾರ್ಟಿಗೆ.

‘ಓದಿದ್ದೀಯ, ದುಡಿ’ ಅನ್ನೋ ಮಾತು ಒರಟು ಅನ್ನೋದು ಒಂದು ಕಡೆ ಇರಲಿ. ಕಾನೂನಿನಲ್ಲೂ ಅದು ನಿಲ್ಲೋದಿಲ್ಲ. ದುಡಿಯುವ ಯೋಗ್ಯತೆ ಇರೋದು ಬೇರೆ, ನಿಜವಾಗಿ ದುಡಿಯುತ್ತಿರೋದು ಬೇರೆ, ಯೋಗ್ಯತೆ ಇದೆ ಅನ್ನೋ ಒಂದೇ ಕಾರಣಕ್ಕೆ ಜೀವನಾಂಶ ಕಡಿಮೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರವನ್ನು ಅಫಿಡವಿಟ್‌ನಲ್ಲಿ ಕೊಡಬೇಕು. ಭಾವ ಕೊಟ್ಟಿದ್ದಾರಾ? ಇಲ್ಲದಿದ್ದರೆ ನಿಮ್ಮ ವಕೀಲರು ಮುಂದಿನ ವಾಯಿದೆಯಲ್ಲಿ ಅದನ್ನೇ ಕೇಳಲಿ. ಬೈಗುಳಕ್ಕೆ ಕೊಡಬಹುದಾದ ಗಟ್ಟಿ ಉತ್ತರ ಅದು.

ಅಲ್ಲೇ ನಿಂತು ಏನು ಹೇಳೋದು ಅಂದರೆ, ದನಿ ಏರಿಸಬೇಡಿ. ನ್ಯಾಯಾಧೀಶರು ಪೀಠದಲ್ಲಿದ್ದಾಗ ಬೇಕಂತಲೇ ಅವಮಾನ ಮಾಡಿದರೆ ಅಥವಾ ಕಲಾಪ ಕೆಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 267ನೇ ಕಲಮಿನಲ್ಲಿ ಅದು ಅಪರಾಧ. ಆರು ತಿಂಗಳವರೆಗೆ ಶಿಕ್ಷೆ ಇದೆ. ಆದರೆ ತಲೆ ತಗ್ಗಿಸಿ ನಿಲ್ಲಬೇಕು ಅಂತ ಯಾವ ಕಾನೂನೂ ಹೇಳಿಲ್ಲ. ‘ಸ್ವಾಮಿ, ನನಗೆ ಎರಡು ನಿಮಿಷ ಮಾತಾಡಲು ಅವಕಾಶ ಕೊಡಿ. ಕೊಡದಿದ್ದರೆ, ನಾನು ಕೇಳಿಕೊಂಡೆ ಅಂತ ಆರ್ಡರ್ ಶೀಟಿನಲ್ಲಿ ದಯವಿಟ್ಟು ಬರೆಸಿ.’ ಇಷ್ಟನ್ನು ಮೆಲ್ಲಗೆ, ಸ್ಪಷ್ಟವಾಗಿ ಹೇಳಲಿ. ಆರ್ಡರ್ ಶೀಟ್ ಅಂದರೆ ಆ ದಿನ ಕೇಸಿನಲ್ಲಿ ಏನಾಯಿತು ಅಂತ ಕೋರ್ಟು ಬರೆದಿಡುವ ಹಾಳೆ. ಬರೆಸಿ ಅಂದ ಕೂಡಲೇ ಪೀಠದ ದನಿ ಇಳಿದದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ತಾಲ್ಲೂಕು ಕೋರ್ಟಿನ ಭಾಷೆ ಕನ್ನಡವೇ, ಹಾಗಾಗಿ ಭಾಷೆಯ ಭಯವೂ ಬೇಡ. ಮೊಬೈಲ್‌ನಲ್ಲಿ ರೆಕಾರ್ಡ್ ಮಾತ್ರ ಮಾಡಬೇಡಿ. ಅನುಮತಿ ಇಲ್ಲದೆ ಮಾಡಿದರೆ ಆಮೇಲೆ ತಪ್ಪಿತಸ್ಥರು ನೀವೇ ಆಗ್ತೀರಿ.

ಬೆಂಚ್‌ಪಕ್ಕ:

ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ಆ ಸಾಹೇಬರು ಆಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೂ ಪೀಠದ ಕಡೆಯ ಕಷ್ಟವನ್ನೂ ಹೇಳಲೇಬೇಕು. ಬೆಳಗ್ಗೆ ಬೋರ್ಡ್ ನೋಡಿದರೆ ಸಂಜೆಯೊಳಗೆ ಮುಗಿಸಲು ಸಾಧ್ಯವೇ ಇಲ್ಲದಷ್ಟು ಕೇಸು ಇರುತ್ತವೆ, ಅದರಲ್ಲಿ ಅರ್ಧ ವಕೀಲರು ವಾಯಿದೆ ಕೇಳ್ತಾರೆ, ಸಾಕ್ಷಿ ಬಂದಿರಲ್ಲ, ಸಮನ್ಸ್ ಜಾರಿಯಾಗಿರಲ್ಲ, ಇದರ ನಡುವೆ ತಿಂಗಳಿಗೆ ಇಷ್ಟು ಕೇಸು ಮುಗಿಸಿದೆ ಅಂತ ಮೇಲಕ್ಕೆ ಲೆಕ್ಕ ಬೇರೆ ಕೊಡಬೇಕು. ಆ ಸಿಟ್ಟು ವಕೀಲರ ಮೇಲೆ ಹೋಗಬೇಕಾದ್ದು, ಎದುರಿಗೆ ನಿಂತ ಪಾರ್ಟಿ ಮೇಲೆ ಹೋಗುತ್ತದೆ. ಸಾಕ್ಷಿ ಹೇಳಲು ಬಂದ ಹಳ್ಳಿಯವರು ಒಂದು ಗದರಿಕೆಗೆ ಕಂಗಾಲಾಗಿ, ಕಣ್ಣಾರೆ ಕಂಡದ್ದನ್ನೂ ‘ಗೊತ್ತಿಲ್ಲ ಸ್ವಾಮಿ’ ಅಂದುಬಿಡುತ್ತಿದ್ದರು. ಅಲ್ಲಿಗೆ ಕೇಸೇ ಮುಗೀತು. ಹೀಗಾಗಿ ಇದು ಬರೀ ಮರ್ಯಾದೆಯ ವಿಷಯ ಅಂತ ನಾನು ಅಂದುಕೊಂಡಿಲ್ಲ.

ದೂರಿನ ಬಗ್ಗೆ ಹೇಳೋದಾದರೆ, ಹೆಸರಿಲ್ಲದ ಅರ್ಜಿಗೆ ಬೆಲೆ ಇಲ್ಲ. ಹೈಕೋರ್ಟಿನಲ್ಲಿ ರಿಜಿಸ್ಟ್ರಾರ್ (ವಿಜಿಲೆನ್ಸ್) ಇದ್ದಾರೆ, ಅವರಿಗೆ ಹೋಗಬೇಕು. ಜೊತೆಗೆ ಪ್ರಮಾಣ ಮಾಡಿದ ಅಫಿಡವಿಟ್ ಇರಲಿ. ದಿನಾಂಕ, ಕೇಸ್ ನಂಬರ್, ಆಡಿದ ಮಾತು ಹಾಗೇ ಇರಬೇಕು.

ಕಾವೇರಿದಂಡೆ:

ಬೆಂಚ್‌ಪಕ್ಕ ಅವರೇ, ಕೆಲಸದ ಹೊರೆ ಇದೆ, ಒಪ್ಪಿದೆ. ಆದರೆ ಪ್ರಶ್ನೆ ಕೇಳಿದವರು ಬರೆದದ್ದನ್ನು ಇನ್ನೊಮ್ಮೆ ಓದಿ. ಅದೇ ದಿನ, ಅದೇ ಹಾಲ್, ಅದೇ ಹೊರೆ. ಗಂಡನಿಗೆ ಬಹುವಚನ ಸಿಕ್ಕಿತು, ಹೆಂಡತಿಗೆ ಸಿಗಲಿಲ್ಲ. ಹೊರೆ ಕಾರಣ ಆಗಿದ್ದರೆ ಇಬ್ಬರಿಗೂ ಬೈಗುಳ ಬೀಳಬೇಕಿತ್ತು ಅಲ್ವಾ? ಯಾರನ್ನು ಬೈದರೆ ತಿರುಗಿ ಕೇಳಲ್ಲ ಅನ್ನೋದು ಬೈಯುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹೆಂಗಸರು, ಕೂಲಿಯವರು, ವಕೀಲರಿಲ್ಲದೆ ಬಂದವರು.

ನ್ಯಾಯಾಧೀಶರ ನಡತೆಗೆ ಜಗತ್ತು ಒಪ್ಪಿದ ನಿಯಮಗಳಿಗೆ ನಮ್ಮ ಊರಿನದೇ ಹೆಸರು, ಬೆಂಗಳೂರು ತತ್ವಗಳು. 2001ರಲ್ಲಿ ಬೆಂಗಳೂರಿನ ಸಭೆಯಲ್ಲಿ ಕರಡು ಒಪ್ಪಿದರು, 2002ರಲ್ಲಿ ಹೇಗ್‌ನಲ್ಲಿ ತಿದ್ದಿ ಅಂತಿಮ ಮಾಡಿದರು. ಪಾರ್ಟಿಗಳು, ಸಾಕ್ಷಿಗಳು, ವಕೀಲರು ಎಲ್ಲರ ಜೊತೆ ತಾಳ್ಮೆಯಿಂದ, ಘನತೆಯಿಂದ, ಸೌಜನ್ಯದಿಂದ ನಡೆದುಕೊಳ್ಳಬೇಕು ಅಂತ ಅದರಲ್ಲೇ ಇದೆ.

2024ರ ಸೆಪ್ಟೆಂಬರ್ ನೆನಪಿದೆಯಾ? ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನ ಒಂದು ಬಡಾವಣೆಯನ್ನು ಪಾಕಿಸ್ತಾನ ಅಂದದ್ದು, ಮಹಿಳಾ ವಕೀಲರಿಗೆ ಆಡಬಾರದ ಮಾತು ಆಡಿದ್ದು, ಎರಡೂ ವಿಡಿಯೊ ಎಲ್ಲ ಕಡೆ ಹರಿದಾಡಿದವು. ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರಿದ್ದ ಐವರ ಪೀಠ ತಾನಾಗಿಯೇ ವಿಚಾರಣೆಗೆ ತಗೊಂಡಿತು. ಆ ನ್ಯಾಯಮೂರ್ತಿ ತೆರೆದ ಕೋರ್ಟಿನಲ್ಲೇ ವಿಷಾದ ಹೇಳಿದರು, ಆಮೇಲೆ ಪ್ರಕರಣ ಮುಗಿಸಿದರು. ಇಂಥ ವಿಡಿಯೊ ಬರುತ್ತೆ ಅಂತ ನೇರಪ್ರಸಾರ ನಿಲ್ಲಿಸೋದು ಪರಿಹಾರ ಅಲ್ಲ ಅಂತಲೂ ಸುಪ್ರೀಂ ಕೋರ್ಟ್ ಅಂದಿತು. ಅಲ್ಲಿ ಕ್ಯಾಮೆರಾ ಇತ್ತು, ಅದಕ್ಕೇ ಉತ್ತರ ಕೊಡಬೇಕಾಯಿತು. ಹೆಚ್ಚಿನ ಬಡವರು ನಿಲ್ಲೋದು ತಾಲ್ಲೂಕು ಕೋರ್ಟಿನ ಕಟಕಟೆಯಲ್ಲಿ. ಅಲ್ಲಿಯ ಮಾತು ಯಾರಿಗೂ ಕಾಣಲ್ಲ, ಕೇಳಲ್ಲ. ನನಗೆ ಸಿಟ್ಟು ಬರೋದು ಅದಕ್ಕೇ. ದೂರು ಕೊಡಿ. ಸುಮ್ನೆ ಬಿಡಬೇಡಿ.

ಅಡಿಕೆತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. ಅವಳದು ಒಂದೇ ಭಯ, ದೂರು ಹೋದ ಮೇಲೂ ಕೇಸು ಅದೇ ಸಾಹೇಬರ ಮುಂದೆ ಇರುತ್ತಲ್ಲ. ವಕೀಲರೂ ದಿನಾ ಅಲ್ಲೇ ನಿಲ್ಲಬೇಕು, ಅವರು ಸಹಿ ಹಾಕಲ್ಲ ಅಂತಾರೆ.

ಕರಿಕೋಟು:

ವಕೀಲರ ಸಹಿ ಬೇಕಿಲ್ಲ, ದೂರು ಅಕ್ಕನದು. ನಿಂದನೆಯ ಭಯವೂ ಬೇಡ. ಕೆಳಗಿನ ಕೋರ್ಟಿನ ನ್ಯಾಯಾಧೀಶರ ಬಗ್ಗೆ ಒಳ್ಳೆಯ ನಂಬಿಕೆಯಿಂದ ಹೈಕೋರ್ಟಿಗೆ ಹೇಳಿಕೊಂಡರೆ ಅದು ನಿಂದನೆ ಆಗೋದಿಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಕಲಮು ಇರೋದೇ ಇದಕ್ಕೆ. ಆದರೆ ಅದನ್ನೇ ಫೇಸ್‌ಬುಕ್‌ನಲ್ಲಿ ಹೆಸರು ಹಾಕಿ ಬರೆದರೆ ಆ ರಕ್ಷಣೆ ಇಲ್ಲ, ನೆನಪಿರಲಿ.

ಕೇಸು ಬೇರೆ ಕೋರ್ಟಿಗೆ ಬೇಕು ಅಂದರೆ ಜಿಲ್ಲಾ ಸೆಷನ್ಸ್ ನ್ಯಾಯಾಧೀಶರಿಗೆ ವರ್ಗಾವಣೆ ಅರ್ಜಿ ಹಾಕಬಹುದು, ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 448ನೇ ಕಲಮು. ಬರೀ ಒರಟು ಮಾತಿಗೆ ವರ್ಗಾವಣೆ ಸಿಗೋದು ಕಷ್ಟ. ಕಾವೇರಿದಂಡೆ ಅವರು ಹಿಡಿದ ಅಂಶ ಇದೆಯಲ್ಲ, ಒಬ್ಬರಿಗೆ ಒಂದು ರೀತಿ ಇನ್ನೊಬ್ಬರಿಗೆ ಇನ್ನೊಂದು ರೀತಿ, ಜೊತೆಗೆ ಕೇಳುವ ಮೊದಲೇ ತೀರ್ಮಾನ ಮಾಡಿದಂಥ ಮಾತು, ಅರ್ಜಿ ನಿಲ್ಲೋದು ಅದರ ಮೇಲೆ. ನನ್ನ ಸಲಹೆ ಕೇಳಿದರೆ ಮುಂದಿನ ಒಂದು ವಾಯಿದೆ ನೋಡಿ. ‘ಬರೆಸಿ’ ಅಂತ ಕೇಳಿ, ಆರ್ಡರ್ ಶೀಟಿನ ಸರ್ಟಿಫೈಡ್ ಕಾಪಿ ತಗೊಳ್ಳಿ. ಮತ್ತೆ ಹಾಗೇ ನಡೆದರೆ ದೂರು, ವರ್ಗಾವಣೆ ಅರ್ಜಿ ಎರಡನ್ನೂ ಹಾಕಿ.

ನಿಮ್ಮ ವಕೀಲರು ಹಿಂಜರಿದರೆ 15100ಗೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡುತ್ತಾರೆ. ಮೊನ್ನೆ ನಡೆದದ್ದನ್ನು ಅಕ್ಕ ಇವತ್ತೇ ತನ್ನ ಕೈಯಾರೆ ಬರೆದು ದಿನಾಂಕ ಹಾಕಿಡಲಿ. ಹಾಲ್‌ನಲ್ಲಿ ಜೊತೆಗಿದ್ದವರು ನೀವು, ನೀವೂ ಬೇರೆಯಾಗಿ ಬರೆಯಿರಿ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆಯಬೇಡಿ.